ಬ್ಯಾಂಡ್ ರೆಕಾರ್ಡಿಂಗ್‌ಗೆ ಯಾವ ಇಂಟರ್‌ಫೇಸ್, ಯಾವ ಸಾಫ್ಟ್‌ವೇರ್? ಮೊದಲು ಮೈಕ್ ಎಣಿಸಿ

"ನಾವು ಐದು ಜನ ಇದ್ದೀವಿ, ನಮ್ಮ ಹಾಡು ನಾವೇ ರೆಕಾರ್ಡ್ ಮಾಡ್ಬೇಕು, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳೋದು?" ಈ ಪ್ರಶ್ನೆ ಎಷ್ಟು ಸಲ ಬರುತ್ತದೆಂದರೆ, ಒಂದೇ ಕಡೆ ಪೂರ್ತಿ ಬರೆದಿಡುವುದೇ ಒಳ್ಳೆಯದು ಅನಿಸಿತು. ಕೇಳುವವರು ಹೆಚ್ಚಾಗಿ ಸಾಫ್ಟ್‌ವೇರ್‌ನಿಂದ ಶುರು ಮಾಡುತ್ತಾರೆ. ಆಮೇಲೆ ಇಂಟರ್‌ಫೇಸ್, ಕೊನೆಗೆ ಮೈಕು. ನಾನು ಹೇಳುವುದು ಇದರ ಉಲ್ಟಾ. ಮೊದಲು ಏನೇನು ರೆಕಾರ್ಡ್ ಆಗಬೇಕು ಅಂತ ಎಣಿಸಿ, ಅದಕ್ಕೆ ಸರಿಯಾದ ಇಂಟರ್‌ಫೇಸ್ ಆರಿಸಿ, ಸಾಫ್ಟ್‌ವೇರ್ ಕೊನೆಗೆ ನೋಡಿ. ಸಾಫ್ಟ್‌ವೇರ್ ಯಾವಾಗ ಬೇಕಾದರೂ ಬದಲಾಯಿಸಬಹುದು, ರೆಕಾರ್ಡ್ ಆದ ವೇವ್ ಫೈಲ್ ಎಲ್ಲದರಲ್ಲೂ ತೆರೆಯುತ್ತದೆ. ಎರಡೇ ಮೈಕ್ ಹಾಕುವ ಇಂಟರ್‌ಫೇಸ್ ತಂದರೆ ಮಾತ್ರ ಅದು ಯಾವತ್ತೂ ಎಂಟು ಮೈಕಿನದಾಗುವುದಿಲ್ಲ.

ಮುಂದೆ ಹೋಗುವ ಮೊದಲು ಮೂರು ಪದ ಗೊತ್ತಿರಲಿ. ಆಡಿಯೋ ಇಂಟರ್‌ಫೇಸ್ ಅಂದರೆ ಮೈಕ್, ಗಿಟಾರ್‌ಗಳಿಂದ ಬರುವ ಸಣ್ಣ ಸಿಗ್ನಲ್ಲನ್ನು ಜೋರು ಮಾಡಿ, ಡಿಜಿಟಲ್ ಆಗಿ ಬದಲಿಸಿ, ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ. ಹಾಗೆ ಜೋರು ಮಾಡುವ ಭಾಗಕ್ಕೆ ಮೈಕ್ ಪ್ರೀಆಂಪ್ ಅನ್ನುತ್ತಾರೆ. ಡಿಎಡಬ್ಲ್ಯೂ ಅಂದರೆ ರೆಕಾರ್ಡ್ ಮಾಡಿ, ಕತ್ತರಿಸಿ, ಮಿಕ್ಸ್ ಮಾಡುವ ಸಾಫ್ಟ್‌ವೇರ್. ಉಳಿದ ಪದಗಳನ್ನು ಬಂದಾಗ ಹೇಳುತ್ತೇನೆ.

1. ಚಾನೆಲ್ ಎಣಿಸಿ

ಒಂದು ಹಾಳೆ ತಗೊಂಡು ನಿಮ್ಮ ಬ್ಯಾಂಡಿನ ಪ್ರತಿಯೊಂದು ವಾದ್ಯ, ಪ್ರತಿಯೊಂದು ಧ್ವನಿ ಬರೆಯಿರಿ. ಪಕ್ಕದಲ್ಲಿ ಅದಕ್ಕೆ ಎಷ್ಟು ಮೈಕ್ ಅಥವಾ ಎಷ್ಟು ಕೇಬಲ್ ಬೇಕು ಅಂತ ಹಾಕಿ. ಹೀಗೆ ಸದ್ದು ಒಳಗೆ ಬರುವ ಒಂದೊಂದು ದಾರಿಯೇ ಒಂದು ಚಾನೆಲ್. ಜಾನಪದ-ರಾಕ್ ನುಡಿಸುವ ಒಂದು ಸಾಮಾನ್ಯ ಬ್ಯಾಂಡ್ ಅಂದುಕೊಳ್ಳೋಣ. ಮುಖ್ಯ ಗಾಯನಕ್ಕೆ 1, ಹಿಂದೆ ದನಿಗೂಡಿಸುವವರಿಗೆ 1, ಅಕೂಸ್ಟಿಕ್ ಗಿಟಾರ್‌ಗೆ 1, ಬೇಸ್‌ಗೆ 1, ಕೊಳಲಿಗೆ 1, ಕೀಬೋರ್ಡ್‌ಗೆ ಎಡ-ಬಲ ಸೇರಿ 2, ಡ್ರಮ್ಸ್‌ಗೆ ಕಡಿಮೆ ಅಂದರೂ 4 (ಕಿಕ್, ಸ್ನೇರ್, ಮೇಲೆ ಎರಡು). ಒಟ್ಟು 11 ಆಯಿತು. ಐದಾರು ಜನರ ಬ್ಯಾಂಡ್‌ಗೆ ಹನ್ನೊಂದು!

ನಮ್ಮ ವಾದ್ಯಗಳ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ತಬಲಾಗೆ ಒಂದೇ ಮೈಕ್ ಸಾಕು ಅನ್ನಿಸುತ್ತದೆ, ಆದರೆ ಎಡಗೈ ಬಲಗೈ ಬೇರೆಬೇರೆ ಸರಿ ಮಾಡಬೇಕಾದರೆ ಎರಡು ಬೇಕು. ಮೃದಂಗಕ್ಕೂ ಡೊಳ್ಳಿಗೂ ಎರಡು ಮುಖ, ಎರಡು ಮೈಕ್. ತಮಟೆಗೆ ಒಂದು ಸಾಕು, ಸ್ವಲ್ಪ ದೂರ ಇಡಿ. ವೀಣೆಗೆ ಪಿಕಪ್ ಇದ್ದರೂ ಒಂದು ಮೈಕ್ ಜೊತೆಗೆ ಇಟ್ಟರೆ ನಾದ ಚೆನ್ನಾಗಿ ಬರುತ್ತದೆ, ಅಲ್ಲಿಗೆ ಎರಡು.

2. ಒಟ್ಟಿಗೆ ನುಡಿಸುತ್ತೀರೋ, ಒಬ್ಬೊಬ್ಬರಾಗಿಯೋ?

ಒಬ್ಬೊಬ್ಬರಾಗಿ ರೆಕಾರ್ಡ್ ಮಾಡುವುದಕ್ಕೆ ಓವರ್‌ಡಬ್ ಅನ್ನುತ್ತಾರೆ. ಮೊದಲು ನುಡಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಮುಂದಿನವರು ಅದರ ಮೇಲೆ ನುಡಿಸುವುದು. ಡ್ರಮ್ಸ್ ಇಲ್ಲದ ಬ್ಯಾಂಡ್ ಹೀಗೆ ಮಾಡುವುದಾದರೆ ಎರಡು ಇನ್‌ಪುಟ್ ಸಾಕು. ನಿಜವಾಗಿ ಸಾಕು, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ಡ್ರಮ್ಸ್ ಇದ್ದರೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದರೂ ಡ್ರಮ್ಮರ್ ಒಬ್ಬರಿಗೇ ನಾಲ್ಕು ಬೇಕು.

ಆದರೆ ಒಟ್ಟಿಗೆ ನುಡಿಸಿದಾಗ ಬರುವ ಕಳೆ ಓವರ್‌ಡಬ್‌ನಲ್ಲಿ ಅಷ್ಟು ಸುಲಭಕ್ಕೆ ಬರುವುದಿಲ್ಲ. ಲಯ ಸ್ವಲ್ಪ ಏರಿ ಇಳಿಯುವ ಹಾಡುಗಳಲ್ಲಂತೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ನುಡಿಸಬೇಕು. ಹಾಗಾಗಿ ಹೆಚ್ಚಿನ ಬ್ಯಾಂಡ್‌ಗಳಿಗೆ ನಾನು ಹೇಳುವುದು ನಡುವಿನ ದಾರಿ. ಲಯದ ವಾದ್ಯಗಳು ಒಟ್ಟಿಗೆ, ಉಳಿದದ್ದು ಆಮೇಲೆ. ಮೇಲಿನ ಹನ್ನೊಂದರ ಲೆಕ್ಕವನ್ನೇ ನೋಡಿ. ಕೊಳಲು ಆಮೇಲೆ ಹಾಕಿದರೆ 10. ಹಿಂದಿನ ದನಿ ಆಮೇಲೆ ಹಾಕಿದರೆ 9. ಕೀಬೋರ್ಡನ್ನು ಸದ್ಯಕ್ಕೆ ಒಂದೇ ಕೇಬಲ್‌ನಲ್ಲಿ ತಗೊಂಡರೆ 8. ಮುಖ್ಯ ಗಾಯಕರ ಮೈಕ್ ಮಾತ್ರ ತೆಗೆಯಬೇಡಿ. ಅವರು ಹಾಡದೆ ಇದ್ದರೆ ಡ್ರಮ್ಮರ್‌ಗೆ ಚರಣ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಆ ಹಾಡಿಕೆಗೆ ಗೈಡ್ ಅನ್ನುತ್ತಾರೆ, ಕೊನೆಗೆ ಅದನ್ನು ಅಳಿಸಿ ಸರಿಯಾಗಿ ಮತ್ತೆ ಹಾಡಬಹುದು.

ಎಂಟಕ್ಕೆ ಬಂದರೆ ಸಾಕು. ಮಾರುಕಟ್ಟೆಯಲ್ಲಿ ಎಂಟು ಪ್ರೀಆಂಪ್‌ನ ಇಂಟರ್‌ಫೇಸ್‌ಗಳು ಬೇಕಾದಷ್ಟಿವೆ. ಅದಕ್ಕಿಂತ ಮೇಲೆ ಹೋದರೆ ಖರ್ಚು, ಮೈಕ್, ಕೇಬಲ್ ಎಲ್ಲವೂ ಒಟ್ಟಿಗೆ ಏರುತ್ತವೆ.

3. ಪೆಟ್ಟಿಗೆಯ ಮೇಲಿನ ನಂಬರ್ ನಂಬಬೇಡಿ

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಓದಿ.

ಫೋಕಸ್‌ರೈಟ್ ಸ್ಕಾರ್ಲೆಟ್ ಸಾಲಿನಲ್ಲಿ 2ಐ2 ಅಂದರೆ ಎರಡು ಒಳಗೆ, ಎರಡು ಹೊರಗೆ. ಅದರಲ್ಲಿ ಎರಡು ಮೈಕ್ ಪ್ರೀಆಂಪ್ ಇವೆ, ಸರಿ. 4ಐ4 ಅಂದರೆ ನಾಲ್ಕು ಮೈಕ್ ಅಂದುಕೊಳ್ಳುತ್ತೀರಿ ಅಲ್ವಾ? ಅಲ್ಲ. ಅದರಲ್ಲೂ ಮೈಕ್ ಪ್ರೀಆಂಪ್ ಎರಡೇ. ಉಳಿದೆರಡು ಲೈನ್ ಇನ್‌ಪುಟ್, ಅಂದರೆ ಕೀಬೋರ್ಡ್‌ನಂಥ ಮೊದಲೇ ಜೋರಾಗಿರುವ ಸಿಗ್ನಲ್‌ಗೆ ಮಾತ್ರ. 18ಐ20ಯಲ್ಲಿ ಹದಿನೆಂಟು ಮೈಕ್ ಹಾಕಲು ಆಗುವುದಿಲ್ಲ, ಎಂಟೇ. ಇನ್ನೆಂಟು ಎಡಾಟ್ ಎಂಬ ಆಪ್ಟಿಕಲ್ ಕೇಬಲ್ ಮೂಲಕ ಬರಬೇಕು, ಉಳಿದೆರಡು ಎಸ್‌ಪಿಡಿಐಎಫ್ ಎಂಬ ಇನ್ನೊಂದು ಡಿಜಿಟಲ್ ದಾರಿ. ಬೆಹ್ರಿಂಗರ್ ಯುಎಂಸಿ1820ರ ಲೆಕ್ಕವೂ ಹೀಗೆಯೇ, ಎಂಟು ಮೈಕ್. ಯುಎಂಸಿ404ಎಚ್‌ಡಿಯಲ್ಲಿ ಮಾತ್ರ ನಾಲ್ಕು ಅಂದರೆ ನಾಲ್ಕು ಮೈಕ್ ಪ್ರೀಆಂಪ್ ಇವೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ: "ಇದರಲ್ಲಿ ಮೈಕ್ ಪ್ರೀಆಂಪ್ ಎಷ್ಟು?" ಅವರಿಗೆ ಗೊತ್ತಿಲ್ಲದಿದ್ದರೆ ಹಿಂದೆ ಮುಂದೆ ತಿರುಗಿಸಿ ಎಕ್ಸ್‌ಎಲ್‌ಆರ್ ತೂತುಗಳನ್ನು ನೀವೇ ಎಣಿಸಿ. ಮೂರು ಪಿನ್ನಿನ ಮೈಕ್ ಕೇಬಲ್ ಹೋಗುವ ತೂತು ಅದು.

ಎಡಾಟ್ ಇರುವ ಪೆಟ್ಟಿಗೆಗೆ ನಾನು ಸ್ವಲ್ಪ ಜಾಸ್ತಿ ಕೊಡಲು ತಯಾರಿರುತ್ತೇನೆ. ನಾಳೆ ಬ್ಯಾಂಡ್ ಬೆಳೆದರೆ ಬೆಹ್ರಿಂಗರ್ ಎಡಿಎ8200ದಂಥ ಎಂಟು ಪ್ರೀಆಂಪ್‌ನ ಇನ್ನೊಂದು ಪೆಟ್ಟಿಗೆ ತಂದು ಒಂದು ಆಪ್ಟಿಕಲ್ ಕೇಬಲ್‌ನಲ್ಲಿ ಸೇರಿಸಿದರೆ ಹದಿನಾರು ಮೈಕ್ ಆಗುತ್ತದೆ.

ಈಗ ಮೂರು ದೊಡ್ಡ ತಪ್ಪುಗಳು.

ಎರಡು ಸಣ್ಣ ಇಂಟರ್‌ಫೇಸ್ ತಂದರೆ ನಾಲ್ಕು ಚಾನೆಲ್ ಆಗುತ್ತದೆ ಅನ್ನುವುದು ಮೊದಲನೆಯದು. ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಎಎಸ್‌ಐಒ ಡ್ರೈವರ್ ಬಳಸುತ್ತವೆ. (ಡ್ರೈವರ್ ಅಂದರೆ ಕಂಪ್ಯೂಟರ್‌ಗೂ ಪೆಟ್ಟಿಗೆಗೂ ನಡುವೆ ಮಾತಾಡಿಸುವ ಸಣ್ಣ ಪ್ರೋಗ್ರಾಂ. ಎಎಸ್‌ಐಒ ಎಂಬುದು ವಿಂಡೋಸ್‌ನಲ್ಲಿ ತಡ ಕಡಿಮೆ ಮಾಡುವ ಬಗೆಯದು.) ಮ್ಯಾಕ್‌ನಲ್ಲಿ ಎರಡನ್ನು ಸೇರಿಸುವ ಸೌಲಭ್ಯ ಇದೆ ನಿಜ, ಆದರೆ ಎರಡರ ಒಳಗಿನ ಗಡಿಯಾರಗಳು ಹೊಂದಿಕೊಳ್ಳದಿದ್ದರೆ ತೊಂದರೆ ಶುರು. ನಾಲ್ಕೈದು ಯುಎಸ್‌ಬಿ ಮೈಕ್ ತಂದು ಬ್ಯಾಂಡ್ ರೆಕಾರ್ಡ್ ಮಾಡುವ ಯೋಚನೆಗೂ ಇದೇ ಉತ್ತರ.

ಎರಡನೆಯದು ಯುಎಸ್‌ಬಿ ಮಿಕ್ಸರ್. ಹನ್ನೆರಡು ಚಾನೆಲ್ ಮಿಕ್ಸರ್, ಯುಎಸ್‌ಬಿ ಕೂಡ ಇದೆ, ಬೆಲೆಯೂ ಕಡಿಮೆ, ಇನ್ನೇನು ಬೇಕು ಅಂತ ತರುತ್ತಾರೆ. ಅಂಥ ಬಹುಪಾಲು ಅನಲಾಗ್ ಮಿಕ್ಸರ್‌ಗಳು ಕಂಪ್ಯೂಟರ್‌ಗೆ ಕಳಿಸುವುದು ಎಡ-ಬಲ ಎರಡೇ ಚಾನೆಲ್. ಎಲ್ಲ ವಾದ್ಯ ಕಲಸಿಹೋಗಿ ಬರುತ್ತವೆ, ಆಮೇಲೆ ಬೇಸ್ ಒಂದನ್ನೇ ತಗ್ಗಿಸಲು ಆಗುವುದಿಲ್ಲ. ಯಮಾಹಾ ಎಂಜಿ12ಎಕ್ಸ್‌ಯು ಹೀಗೆ ಎರಡು ಚಾನೆಲ್ಲಿನದು. ವೇದಿಕೆಗೆ ಅದು ಒಳ್ಳೆಯ ಮಿಕ್ಸರ್, ಆದರೆ ಈ ಕೆಲಸಕ್ಕಲ್ಲ. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ ಪ್ರತಿ ಚಾನೆಲ್ಲನ್ನೂ ಬೇರೆಯಾಗಿ ಕಳಿಸುತ್ತದೆ, ಎಂಟಿಕೆ ಇಲ್ಲದ ಸಿಗ್ನೇಚರ್ 12 ಹಾಗೆ ಕಳಿಸುವುದಿಲ್ಲ. ಹೆಸರಿನಲ್ಲಿ ಮೂರಕ್ಷರ ವ್ಯತ್ಯಾಸ, ಕೆಲಸದಲ್ಲಿ ಅಜಗಜಾಂತರ. 'ಮಲ್ಟಿಟ್ರ್ಯಾಕ್ ಯುಎಸ್‌ಬಿ' ಅಂತ ಬರೆದಿದೆಯಾ ನೋಡಿ.

ಮೂರನೆಯದು ಹಳೇ ಫೈರ್‌ವೈರ್ ಇಂಟರ್‌ಫೇಸ್. ಸೆಕೆಂಡ್ ಹ್ಯಾಂಡ್‌ನಲ್ಲಿ ಎಂಟು ಪ್ರೀಆಂಪ್‌ನ ಒಳ್ಳೊಳ್ಳೆ ಪೆಟ್ಟಿಗೆ ತೀರಾ ಅಗ್ಗಕ್ಕೆ ಸಿಗುತ್ತವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿಯದಾದರೂ ಹಳೆಯದು ಕೊಳ್ಳುವ ಮೊದಲು ನಿಮ್ಮ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಡ್ರೈವರ್ ಇದೆಯಾ ಅಂತ ತಯಾರಕರ ಜಾಲತಾಣದಲ್ಲಿ ನೋಡಿ.

4. ಕೊಳ್ಳದೇ ಕೆಲಸ ಆಗುತ್ತದಾ ನೋಡಿ

ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ಜಾಮ್ ರೂಮ್ ಬಾಡಿಗೆಗೆ ಹಿಡಿದು ಅಭ್ಯಾಸ ಮಾಡುವ ಬ್ಯಾಂಡ್‌ಗಳು ಇದನ್ನು ಮೊದಲು ವಿಚಾರಿಸಿ. ಅಲ್ಲಿ ಬೆಹ್ರಿಂಗರ್ ಎಕ್ಸ್32 ಅಥವಾ ಎಕ್ಸ್‌ಆರ್18ನಂಥ ಡಿಜಿಟಲ್ ಮಿಕ್ಸರ್ ಇದ್ದರೆ ಅದೇ ಇಂಟರ್‌ಫೇಸ್. ಎಕ್ಸ್‌ಆರ್18 ಒಂದು ಯುಎಸ್‌ಬಿ ಕೇಬಲ್‌ನಲ್ಲಿ ಹದಿನೆಂಟು ಚಾನೆಲ್ ಕಳಿಸುತ್ತದೆ, ಎಕ್ಸ್32 ಅದರ ಸಾಮಾನ್ಯ ಯುಎಸ್‌ಬಿ ಕಾರ್ಡ್‌ನೊಂದಿಗೆ ಮೂವತ್ತೆರಡು. ಲ್ಯಾಪ್‌ಟಾಪ್, ಕೇಬಲ್ ನೀವು ಒಯ್ದರೆ ಆಯಿತು. ಡ್ರಮ್ ಕಿಟ್, ಮೈಕ್, ಸ್ಟ್ಯಾಂಡ್ ಕೂಡ ಅಲ್ಲೇ ಇರುತ್ತವೆ. ಡ್ರಮ್ಸ್ ಭಾಗ ಅಲ್ಲಿ ಮುಗಿಸಿಕೊಂಡು ಬಂದು, ಉಳಿದದ್ದನ್ನು ಮನೆಯಲ್ಲಿ ಎರಡು ಇನ್‌ಪುಟ್ ಇಂಟರ್‌ಫೇಸ್‌ನಲ್ಲಿ ಮಾಡಿಕೊಳ್ಳಬಹುದು. ದುಡ್ಡು ಕಡಿಮೆ ಇರುವ ಬ್ಯಾಂಡ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಕಂಪ್ಯೂಟರೇ ಬೇಡ ಅನ್ನುವವರಿಗೆ ಜೂಮ್ ಎಲ್-12 ಎಂಬ ಮಿಕ್ಸರ್-ರೆಕಾರ್ಡರ್ ಇದೆ. ಎಂಟು ಮೈಕ್ ಪ್ರೀಆಂಪ್, ಎಲ್ಲವೂ ಬೇರೆಬೇರೆ ಟ್ರ್ಯಾಕ್ (ಒಂದೊಂದು ಚಾನೆಲ್ಲಿನ ರೆಕಾರ್ಡಿಂಗ್) ಆಗಿ ಎಸ್‌ಡಿ ಕಾರ್ಡ್‌ಗೆ ಹೋಗುತ್ತದೆ, ಹೆಡ್‌ಫೋನ್‌ಗೆ ಐದು ಜಾಗ. ಊರೂರು ತಿರುಗಿ ಕಾರ್ಯಕ್ರಮ ಕೊಡುವವರು, ಹಳ್ಳಿಗೆ ಹೋಗಿ ಕಲಾವಿದರ ಜೊತೆ ರೆಕಾರ್ಡ್ ಮಾಡುವವರು ಇದನ್ನು ಖಂಡಿತ ಯೋಚಿಸಿ.

5. ಪೆಟ್ಟಿಗೆಯಲ್ಲಿ ಇನ್ನೇನು ನೋಡಬೇಕು

ಫ್ಯಾಂಟಮ್ ಪವರ್: ಕಂಡೆನ್ಸರ್ ಮೈಕ್‌ಗೆ (ಕೆಲಸ ಮಾಡಲು ವಿದ್ಯುತ್ ಬೇಕಾದ ಸೂಕ್ಷ್ಮ ಮೈಕ್) ಕೇಬಲ್ ಮೂಲಕವೇ ಕೊಡುವ 48 ವೋಲ್ಟ್ ವಿದ್ಯುತ್. ವೇದಿಕೆಯಲ್ಲಿ ಸಾಮಾನ್ಯವಾಗಿ ಕಾಣುವ ಎಸ್‌ಎಂ58, ಎಸ್‌ಎಂ57ನಂಥ ಡೈನಮಿಕ್ ಮೈಕ್‌ಗೆ ಇದು ಬೇಡ. ಕೆಲವು ಪೆಟ್ಟಿಗೆಗಳಲ್ಲಿ ನಾಲ್ಕು ಚಾನೆಲ್‌ಗೆ ಸೇರಿ ಒಂದೇ ಸ್ವಿಚ್ ಇರುತ್ತದೆ, ಕಂಡೆನ್ಸರ್‌ಗಳನ್ನೆಲ್ಲ ಒಂದೇ ಗುಂಪಿಗೆ ಹಾಕಿಕೊಳ್ಳಿ. ಹಳೇ ರಿಬ್ಬನ್ ಮೈಕ್ (ಒಳಗೆ ತೆಳ್ಳನೆಯ ಲೋಹದ ಪಟ್ಟಿ ಇರುವ ಮೈಕ್) ಇದ್ದರೆ ಆ ಗುಂಪಿನ ಹತ್ತಿರ ಬಿಡಬೇಡಿ, ಈ ವಿದ್ಯುತ್‌ನಿಂದ ಕೆಡಬಹುದು.

ಇನ್‌ಸ್ಟ್ರುಮೆಂಟ್ ಇನ್‌ಪುಟ್: ಗಿಟಾರ್, ಬೇಸ್‌ಗಳನ್ನು ಆಂಪ್ ಇಲ್ಲದೆ ನೇರ ಚುಚ್ಚುವ ಜಾಗ. ಎಂಟು ಚಾನೆಲ್ ಪೆಟ್ಟಿಗೆಯಲ್ಲೂ ಎಲ್ಲ ಇನ್‌ಪುಟ್ ಹೀಗಿರುವುದಿಲ್ಲ, ಮುಂದಿನ ಎರಡಕ್ಕೆ ಮಾತ್ರ ಇರುವುದು ಸಾಮಾನ್ಯ. ಮೂರನೆಯ ಗಿಟಾರ್ ಇದ್ದರೆ ಡಿಐ ಬಾಕ್ಸ್ ಬೇಕು. ಅದು ಗಿಟಾರ್ ಸಿಗ್ನಲ್ಲನ್ನು ಮೈಕ್ ಇನ್‌ಪುಟ್‌ಗೆ ಒಗ್ಗಿಸುವ ಸಣ್ಣ ಡಬ್ಬಿ.

ಹೆಡ್‌ಫೋನ್: ಇದನ್ನು ಎಲ್ಲರೂ ಮರೆಯುತ್ತಾರೆ. ಐದು ಜನ ನುಡಿಸುವಾಗ ಐದು ಜನರಿಗೂ ಕೇಳಿಸಬೇಕು. ಇಂಟರ್‌ಫೇಸ್‌ನಲ್ಲಿ ಒಂದೋ ಎರಡೋ ಜಾಗ ಇರುತ್ತದೆ. ಬೆಹ್ರಿಂಗರ್ ಎಚ್‌ಎ400ರಂಥ ಹೆಡ್‌ಫೋನ್ ಆಂಪ್ ತಂದರೆ ನಾಲ್ಕು ಜನರಿಗೆ ಹಂಚಬಹುದು, ದುಬಾರಿಯಲ್ಲ. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚುವಂಥದ್ದೇ ಇರಲಿ. ಇಲ್ಲದಿದ್ದರೆ ತಾಳದ ಟಿಕ್‌ಟಿಕ್ ಸದ್ದು ಗಾಯಕರ ಮೈಕ್‌ಗೆ ಸೇರುತ್ತದೆ. ಶ್ರುತಿಪೆಟ್ಟಿಗೆಯ ವಿಷಯವೂ ಇದೇ. ಅದನ್ನು ಕೋಣೆಯಲ್ಲಿ ಇಟ್ಟರೆ ಪ್ರತಿ ಮೈಕ್‌ನಲ್ಲೂ ಶ್ರುತಿ ಕೂರುತ್ತದೆ, ಆಮೇಲೆ ಎಲ್ಲಿ ಕತ್ತರಿಸಿದರೂ ಗೊತ್ತಾಗಿಬಿಡುತ್ತದೆ. ಅದನ್ನೂ ಒಂದು ಚಾನೆಲ್‌ಗೆ ಕೊಟ್ಟು ಹೆಡ್‌ಫೋನಿನಲ್ಲೇ ಕೇಳಿ. ಎಂಟೂ ಚಾನೆಲ್ ತುಂಬಿದ್ದರೆ ಶ್ರುತಿಯ ಆಡಿಯೋ ಫೈಲನ್ನು ಕಂಪ್ಯೂಟರ್‌ನಿಂದಲೇ ಹೆಡ್‌ಫೋನ್‌ಗೆ ಬಿಡಬಹುದು.

ತಡ: ಹಾಡಿದ್ದು ಕಂಪ್ಯೂಟರ್ ಹೊಕ್ಕು ಹೆಡ್‌ಫೋನ್‌ಗೆ ವಾಪಸ್ ಬರುವಷ್ಟರಲ್ಲಿ ಆಗುವ ವಿಳಂಬಕ್ಕೆ ಲೇಟೆನ್ಸಿ ಅನ್ನುತ್ತಾರೆ. ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ (ಡಿಜಿಟಲ್ ಸದ್ದಿನ ಸಣ್ಣ ತುಣುಕು) ಕೂಡಿಟ್ಟುಕೊಂಡು ಕೆಲಸ ಮಾಡುತ್ತದೆ ಎಂಬುದು ಬಫರ್. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 128 ಸ್ಯಾಂಪಲ್ ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್, 1024 ಅಂದರೆ 21. ಒಳಗೂ ಹೊರಗೂ ಸೇರಿ ನಿಜವಾದ ತಡ ಇದಕ್ಕಿಂತ ಜಾಸ್ತಿ. ರೆಕಾರ್ಡ್ ಮಾಡುವಾಗ ಬಫರ್ ಕಡಿಮೆ, ಮಿಕ್ಸ್ ಮಾಡುವಾಗ ಜಾಸ್ತಿ ಇಡಿ. ಲ್ಯಾಪ್‌ಟಾಪ್ ಕಡಿಮೆ ಬಫರ್ ತಡೆಯದಿದ್ದರೆ ಡೈರೆಕ್ಟ್ ಮಾನಿಟರಿಂಗ್ ಇರುವ ಇಂಟರ್‌ಫೇಸ್ ನಿಮ್ಮನ್ನು ಕಾಪಾಡುತ್ತದೆ. ಅದರಲ್ಲಿ ಸದ್ದು ಕಂಪ್ಯೂಟರ್‌ಗೆ ಹೋಗದೆ ಪೆಟ್ಟಿಗೆಯಿಂದಲೇ ಕಿವಿಗೆ ಬರುತ್ತದೆ.

ಪ್ರೀಆಂಪ್ ಗುಣಮಟ್ಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈಗಿನ ಹೆಸರಾಂತ ಕಂಪನಿಗಳ ಸಾಧಾರಣ ಬೆಲೆಯ ಪೆಟ್ಟಿಗೆಗಳೂ ಚೆನ್ನಾಗಿವೆ. ಕೋಣೆ ಮತ್ತು ಮೈಕ್ ಇಟ್ಟ ಜಾಗ ಮಾಡುವ ವ್ಯತ್ಯಾಸದ ಮುಂದೆ ಅದು ಬಹಳ ಸಣ್ಣದು.

6. ಕಂಪ್ಯೂಟರ್ ಮತ್ತು ಕರೆಂಟ್

ಎಂಟು ಟ್ರ್ಯಾಕ್ ರೆಕಾರ್ಡ್ ಮಾಡಲು ಭಾರಿ ಕಂಪ್ಯೂಟರ್ ಬೇಕಿಲ್ಲ. ಎಸ್‌ಎಸ್‌ಡಿ ಇರಲಿ, ರ್ಯಾಮ್ 8 ಜಿಬಿ ನಡೆಯುತ್ತದೆ, 16 ಇದ್ದರೆ ಮಿಕ್ಸಿಂಗ್‌ಗೆ ಆರಾಮ. 24 ಬಿಟ್ (ಪ್ರತಿ ಸ್ಯಾಂಪಲ್ ಎಷ್ಟು ಸೂಕ್ಷ್ಮ ಎಂಬ ಅಳತೆ), 48 ಕಿಲೋಹರ್ಟ್ಸ್‌ನಲ್ಲಿ ಎಂಟು ಟ್ರ್ಯಾಕ್ ಒಂದು ಗಂಟೆಗೆ ಸುಮಾರು 4 ಜಿಬಿ ತಿನ್ನುತ್ತದೆ. ಇಂಟರ್‌ಫೇಸನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ, ಅಗ್ಗದ ಯುಎಸ್‌ಬಿ ಹಬ್ ಬೇಡ.

ಈಗ ದಯವಿಟ್ಟು ಗಮನ ಕೊಟ್ಟು ಓದಿ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ. ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಗುಂಯ್ ಅನ್ನುವ ಸದ್ದು ಹೋಗಲಿ ಅಂತ ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ಮುರಿಯುವುದೋ, ಎರಡು ಪಿನ್ ಅಡಾಪ್ಟರ್ ಹಾಕುವುದೋ ಮಾಡಬೇಡಿ, ಅದು ಪ್ರಾಣಕ್ಕೆ ಅಪಾಯ. ಸದ್ದಿಗೆ ಬೇರೆ ದಾರಿಗಳಿವೆ. ಎಲ್ಲವನ್ನೂ ಒಂದೇ ಸಾಕೆಟ್ ಸಾಲಿಗೆ ಹಾಕಿ ನೋಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ. ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸ್ ಬಳಸಿ. ಎಂಟು ಚಾನೆಲ್ ಪೆಟ್ಟಿಗೆಗಳು ಹೆಚ್ಚಾಗಿ ಗೋಡೆಯ ಕರೆಂಟ್‌ನಲ್ಲೇ ನಡೆಯುವುದರಿಂದ ಸಣ್ಣ ಯುಪಿಎಸ್ ಇದ್ದರೆ ಒಳ್ಳೆಯ ಟೇಕ್ ನಡುವೆ ಕರೆಂಟ್ ಹೋದರೂ ಉಳಿಯುತ್ತೀರಿ.

7. ಈಗ ಸಾಫ್ಟ್‌ವೇರ್

ನನ್ನ ಮೊದಲ ಸಲಹೆ ರೀಪರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಹಳೇ ಲ್ಯಾಪ್‌ಟಾಪ್‌ನಲ್ಲೂ ಹಗುರ. ಅರವತ್ತು ದಿನ ಪೂರ್ತಿ ಉಚಿತವಾಗಿ ಬಳಸಿ ನೋಡಬಹುದು. ಸಣ್ಣ ಆದಾಯದವರಿಗೆ ಲೈಸೆನ್ಸ್ 60 ಡಾಲರ್, ಒಂದೇ ಸಲ ಕೊಟ್ಟರೆ ಆಯಿತು. ಟ್ರ್ಯಾಕ್‌ಗೆ ಮಿತಿ ಇಲ್ಲ. ಅರವತ್ತು ದಿನದ ನಂತರವೂ ಅದು ನಿಲ್ಲುವುದಿಲ್ಲ, ಆದರೆ ಬಳಸುತ್ತಿದ್ದರೆ ದುಡ್ಡು ಕೊಡಿ. ನಮ್ಮ ಹಾಡಿಗೆ ಜನ ದುಡ್ಡು ಕೊಡಲಿ ಅಂತ ನಾವೂ ಆಸೆಪಡುತ್ತೇವಲ್ಲ. ಮೊದಲ ವಾರ ಮೆನುಗಳು ಗೊಂದಲ ಮಾಡುತ್ತವೆ, ಅದೊಂದೇ ಕಷ್ಟ.

ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ, ಒಟ್ಟಿಗೆ ಹಲವು ಟ್ರ್ಯಾಕ್ ರೆಕಾರ್ಡ್ ಮಾಡುತ್ತದೆ. ಬೆಳೆದ ಮೇಲೆ ಅದೇ ಪ್ರಾಜೆಕ್ಟನ್ನು ಲಾಜಿಕ್ ಪ್ರೊದಲ್ಲಿ ತೆರೆಯಬಹುದು. ಲಿನಕ್ಸ್ ಬಳಸುವವರಿಗೆ ಆರ್ಡರ್ ಎಂಬ ಮುಕ್ತ ತಂತ್ರಾಂಶ ಇದೆ.

ಆಡಾಸಿಟಿ ಸಾಕಾಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಒಂದು ಧ್ವನಿ ರೆಕಾರ್ಡ್ ಮಾಡಲು, ಕತ್ತರಿಸಲು ಅದು ಬಹಳ ಒಳ್ಳೆಯದು. ಬ್ಯಾಂಡ್ ಮಿಕ್ಸ್‌ಗೆ ಬೇಡ ಅಂತಲೇ ಹೇಳುತ್ತೇನೆ. ಎಫ್‌ಎಲ್ ಸ್ಟುಡಿಯೋ, ಏಬಲ್‌ಟನ್ ಲೈವ್ ಇವು ಬೀಟ್ ಕಟ್ಟುವವರಿಗೆ ಇಷ್ಟವಾಗುತ್ತವೆ. ಎಫ್‌ಎಲ್‌ನ ಅತಿ ಅಗ್ಗದ ಆವೃತ್ತಿ ಕೊಳ್ಳುವ ಮೊದಲು ಅದರಲ್ಲಿ ಮೈಕ್ ರೆಕಾರ್ಡಿಂಗ್ ಇದೆಯಾ ಅಂತ ನೋಡಿಕೊಳ್ಳಿ. ಪ್ರೊ ಟೂಲ್ಸ್ ದೊಡ್ಡ ಸ್ಟುಡಿಯೋಗಳಲ್ಲಿ ಇದೆ ಅಂತ ನೀವೂ ಅದನ್ನೇ ಹಾಕಬೇಕಿಲ್ಲ. ಅದರ ಉಚಿತ ಇಂಟ್ರೋ ಆವೃತ್ತಿಯಲ್ಲಿ ಆಡಿಯೋ ಟ್ರ್ಯಾಕ್ ಎಂಟೇ. ಓವರ್‌ಡಬ್ ಶುರು ಮಾಡಿದ ಕೂಡಲೇ ಅದು ಮುಗಿದುಹೋಗುತ್ತದೆ. ಇಂಟರ್‌ಫೇಸ್ ಜೊತೆ ಬರುವ ಉಚಿತ ಆವೃತ್ತಿಗಳಿಗೂ ಹೀಗೆ ಮಿತಿ ಇರುತ್ತದೆ, ಟ್ರ್ಯಾಕ್ ಎಷ್ಟು ಎಂದು ನೋಡಿಕೊಳ್ಳಿ.

ಬ್ಯಾಂಡಿನಲ್ಲಿ ಯಾರಿಗಾದರೂ ಈಗಾಗಲೇ ಒಂದು ಸಾಫ್ಟ್‌ವೇರ್ ಚೆನ್ನಾಗಿ ಗೊತ್ತಿದ್ದರೆ ಮೇಲಿನದ್ದೆಲ್ಲ ಬಿಟ್ಟು ಅದನ್ನೇ ಬಳಸಿ. ಕಳ್ಳ ಕಾಪಿ ಮಾತ್ರ ಬೇಡ. ವೈರಸ್ ಭಯ ಒಂದು ಕಡೆ, ಅಪ್‌ಡೇಟ್ ಇಲ್ಲದೆ ಪ್ರಾಜೆಕ್ಟ್ ತೆರೆಯದೇ ಹೋಗುವುದು ಇನ್ನೊಂದು ಕಡೆ.

8. ತಂದ ದಿನವೇ ಪರೀಕ್ಷೆ ಮಾಡಿ

ಭಾರತದ ವಾರಂಟಿ ಇರುವ ಬಿಲ್ ತಗೊಳ್ಳಿ. ಹೊರದೇಶದಿಂದ ತರಿಸಿದರೆ ಸುಂಕ ಸೇರಿ ಉಳಿತಾಯ ಕರಗಿಹೋಗಬಹುದು, ಕೆಟ್ಟರೆ ಕಳಿಸುವುದೂ ಕಷ್ಟ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಹೀಗೆ ಮಾಡಿ.

ತಯಾರಕರ ಡ್ರೈವರ್ ಹಾಕಿ, ಸಾಫ್ಟ್‌ವೇರ್‌ನಲ್ಲಿ ಅದೇ ಡ್ರೈವರ್ ಆರಿಸಿ. ಒಂದೇ ಮೈಕ್, ಒಂದೇ ಕೇಬಲ್ ಹಿಡಿದು ಪ್ರತಿ ಇನ್‌ಪುಟ್‌ಗೂ ಹಾಕಿ ಮಾತಾಡಿ. ಯಾವುದಾದರೂ ಸತ್ತಿದ್ದರೆ ಆಗಲೇ ತಿಳಿಯುತ್ತದೆ. ಫ್ಯಾಂಟಮ್ ಪವರ್ ಆನ್ ಮಾಡಿ ಕಂಡೆನ್ಸರ್ ಮೈಕ್ ಪರೀಕ್ಷಿಸಿ. ಮೈಕ್ ತೆಗೆಯುವ, ಹಾಕುವ ಮೊದಲು ಅದನ್ನು ಆಫ್ ಮಾಡಿ. ನಂತರ ಎಲ್ಲ ಟ್ರ್ಯಾಕ್‌ಗಳನ್ನೂ ರೆಕಾರ್ಡ್‌ಗೆ ಹಾಕಿ ಅರ್ಧ ಗಂಟೆ ಸುಮ್ಮನೆ ಓಡಲು ಬಿಡಿ. ನಡುವೆ ಟಪ್ ಟಪ್ ಸದ್ದು ಬಂದರೆ ಬಫರ್ ಏರಿಸಿ, ವೈಫೈ ಆಫ್ ಮಾಡಿ, ಬೇರೆ ಯುಎಸ್‌ಬಿ ಪೋರ್ಟ್ ನೋಡಿ. ಆಗಲೂ ಹೋಗದಿದ್ದರೆ ವಾಪಸ್ ಕೊಡಿ.

ಆಮೇಲೆ ಇಡೀ ಬ್ಯಾಂಡ್ ಕೂರಿಸಿ ಹಾಡಿನ ಅತಿ ಜೋರಾದ ಭಾಗ ನುಡಿಸಿ. ಆ ಹೊತ್ತಿನಲ್ಲಿ ಮೀಟರ್ ಮೈನಸ್ 12ರಿಂದ ಮೈನಸ್ 10 ಡೆಸಿಬಲ್ ಆಸುಪಾಸು ನಿಲ್ಲುವಂತೆ ಗೇನ್ (ಪ್ರೀಆಂಪ್ ಎಷ್ಟು ಜೋರು ಮಾಡಬೇಕು ಎಂಬ ಗುಂಡಿ) ತಿರುಗಿಸಿ. ಕೆಂಪು ದೀಪ ಬಂದರೆ ಸದ್ದು ಒಡೆದಿದೆ, ಆಮೇಲೆ ಸರಿ ಮಾಡಲು ಆಗುವುದಿಲ್ಲ. 24 ಬಿಟ್‌ನಲ್ಲಿ ಸ್ವಲ್ಪ ಮೆಲ್ಲಗೆ ರೆಕಾರ್ಡ್ ಆದರೆ ಏನೂ ನಷ್ಟವಿಲ್ಲ.

ಪ್ರತಿ ಟ್ರ್ಯಾಕ್‌ಗೂ ರೆಕಾರ್ಡ್ ಒತ್ತುವ ಮೊದಲೇ ಹೆಸರು ಕೊಡಿ. ಕೊಡದಿದ್ದರೆ 'ಆಡಿಯೋ 1', 'ಆಡಿಯೋ 2' ಅಂತ ನೂರಾರು ಫೈಲ್ ಬೀಳುತ್ತವೆ. ಅವತ್ತಿನ ಕೆಲಸ ಮುಗಿದ ಕೂಡಲೇ ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ಮಿಕ್ಸ್ ಮಾಡಲು ಬೇರೆಯವರಿಗೆ ಕಳಿಸುವುದಾದರೆ ಪ್ರಾಜೆಕ್ಟ್ ಫೈಲ್ ಒಂದನ್ನೇ ಕಳಿಸಬೇಡಿ, ಅವರ ಬಳಿ ಅದೇ ಸಾಫ್ಟ್‌ವೇರ್ ಇರಬೇಕೆಂದಿಲ್ಲ. ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ ವೇವ್ ಫೈಲ್ ಆಗಿ ತೆಗೆದು, ಹಾಡಿನ ವೇಗ ಮತ್ತು ಶ್ರುತಿ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.